ಕಣ್ಣಿಗೆ ಸ್ಟೀರಾಯ್ಡ್: ನೋಟ ತಿಳಿಯಾದ ಮೇಲೂ ತಪಾಸಣೆ ಬಿಡಬೇಡಿ

ಓದುವಾಗ ಅಕ್ಷರಗಳು ಮಸುಕಾದರೆ, ಬಾಗಿಲ ಚೌಕಟ್ಟು ಡೊಂಕಾಗಿ ಕಂಡರೆ ಸಕ್ಕರೆ ಕಾಯಿಲೆಯವರು ಮೊದಲು ಹೋಗುವುದು ಕನ್ನಡಕದ ಅಂಗಡಿಗೆ. ಆದರೆ ತೊಂದರೆ ಕಣ್ಣಿನ ಹಿಂಪರದೆಯಲ್ಲೇ ಇರಬಹುದು. ರೆಟಿನಾದ ನಟ್ಟನಡುವಿನ ಮ್ಯಾಕ್ಯುಲಾದಲ್ಲಿ ರಕ್ತನಾಳಗಳು ಜಿನುಗಿ ಊತ ಬಂದಿರುತ್ತದೆ. ಸಾಮಾನ್ಯವಾಗಿ 250 ಮೈಕ್ರಾನ್ ಆಸುಪಾಸಿನಲ್ಲಿರುವ ಅಲ್ಲಿನ ದಪ್ಪ, ಓಸಿಟಿ ಸ್ಕ್ಯಾನ್‌ನಲ್ಲಿ 500 ದಾಟಿರುವುದೂ ಉಂಟು.

ಇದಕ್ಕೆ ಸಾಮಾನ್ಯವಾಗಿ ಮೊದಲು ಕೊಡುವುದು ಬೆವಾಸಿಜುಮಾಬ್, ರಾನಿಬಿಜುಮಾಬ್‌ನಂಥ ಇಂಜೆಕ್ಷನ್. ಅದಕ್ಕೆ ಊತ ಬಗ್ಗದಿದ್ದಾಗ, ಇತ್ತೀಚೆಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದಾಗ, ತಿಂಗಳು ತಿಂಗಳೂ ಆಸ್ಪತ್ರೆಗೆ ಬರಲಾಗದಿದ್ದಾಗ ವೈದ್ಯರು ಸ್ಟೀರಾಯ್ಡ್ ಯೋಚಿಸುತ್ತಾರೆ. ಪೊರೆ ಆಪರೇಷನ್ ಆಗಿರುವ ಕಣ್ಣಿಗೆ ಇದು ಹೆಚ್ಚು ಒಪ್ಪುತ್ತದೆ.

ಕಣ್ಣಿಗೆ ಸೂಜಿ ಎಂದರೆ ಎದೆ ನಡುಗುವುದು ಸಹಜ. ನಡೆಯುವುದಿಷ್ಟು: ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಪೊವಿಡೋನ್ ಅಯೋಡಿನ್‌ನಿಂದ ಶುಚಿ ಮಾಡಿ, ರೆಪ್ಪೆ ಮುಚ್ಚದಂತೆ ಕ್ಲಿಪ್ ಇಡುತ್ತಾರೆ. ಕರಿಗುಡ್ಡೆಯ ಅಂಚಿನಿಂದ ಮೂರೂವರೆ–ನಾಲ್ಕು ಮಿಲಿಮೀಟರ್ ಅಳೆದು, ಬಿಳಿಭಾಗದಲ್ಲಿ ಚುಚ್ಚುತ್ತಾರೆ. ಒತ್ತಿದಂತಾಗುತ್ತದೆ, ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಟ್ರಯಾಮ್ಸಿನೊಲೋನ್ ಆದರೆ ದ್ರವರೂಪ. ಡೆಕ್ಸಾಮೆಥಾಸೋನ್ ಆದರೆ 0.7 ಮಿಲಿಗ್ರಾಂ ಔಷಧ ಹೊತ್ತ ಪುಟ್ಟ ಕಡ್ಡಿ. ಮೂರ್ನಾಲ್ಕು ತಿಂಗಳು ಔಷಧ ಬಿಡುತ್ತಾ ಕಡ್ಡಿ ತಾನೇ ಕರಗುತ್ತದೆ, ಹೊರತೆಗೆಯುವ ಗೋಜಿಲ್ಲ.

ನನಗೆ ಆತಂಕವಿರುವುದು ಇದರ ನಂತರದ ದಿನಗಳ ಬಗ್ಗೆ. ಊತ ಇಳಿದು ಪೇಪರ್ ಓದಲು ಬಂದ ಕೂಡಲೇ ಎಷ್ಟೋ ಮಂದಿ ತಪಾಸಣೆ ಕೈಬಿಡುತ್ತಾರೆ. ಅದೇ ಸ್ಟೀರಾಯ್ಡ್ ಕೆಲವರಲ್ಲಿ ಕಣ್ಣಿನ ಒತ್ತಡ ಏರಿಸುತ್ತದೆ. ಡೆಕ್ಸಾಮೆಥಾಸೋನ್ ಕಡ್ಡಿಯ ಅಧ್ಯಯನಗಳಲ್ಲಿ ಒತ್ತಡ ತುದಿ ಮುಟ್ಟಿದ್ದು ಸುಮಾರು 60ನೇ ದಿನಕ್ಕೆ. ನೋವಿಲ್ಲ, ಕೆಂಪಿಲ್ಲ, ಹಾಗಾಗಿ ರೋಗಿಗೆ ಗೊತ್ತೇ ಆಗುವುದಿಲ್ಲ. ಆಗ ಹಿಡಿದರೆ ಹೆಚ್ಚಿನವರಿಗೆ ಡ್ರಾಪ್ಸ್ ಸಾಕು. ಬಿಟ್ಟರೆ ಗ್ಲಾಕೋಮಾ ಬಂದು ನರ ಸವೆಯುತ್ತದೆ, ಹಾಗೆ ಹೋದ ದೃಷ್ಟಿ ಮರಳದು. ಪೊರೆಯೂ ಬೇಗ ಬೆಳೆಯುತ್ತದೆ, ಆದರೆ ಅದಕ್ಕೆ ಆಪರೇಷನ್ ಇದೆ.

ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಇಂಜೆಕ್ಷನ್‌ಗೆ ಮೊದಲೇ ಹೇಳಿ. ಪ್ರತಿ ಭೇಟಿಯಲ್ಲೂ 'ಪ್ರೆಶರ್ ಎಷ್ಟಿದೆ ಡಾಕ್ಟ್ರೇ?' ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸಾಮಾನ್ಯ ಮಿತಿ 21. ಚುಚ್ಚಿಸಿಕೊಂಡ ಮೊದಲ ವಾರ ಕಣ್ಣು ಕೆಂಪಾಗಿ ನೋವು ಹೆಚ್ಚಿದರೆ, ನೋಟ ಮಂಜಾದರೆ, ಬೆಳಗಾಗಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.