ಮಾರಿ ಬೊಳ್ಳದ ನೆನಪು

ನೇತ್ರಾವತಿ ತೀರದ ಹಿಂದಿನ ತಲೆಮಾರಿನವರು ತಮ್ಮ ವಯಸ್ಸನ್ನು ಇಸವಿಯಿಂದ ಹೇಳುತ್ತಿರಲಿಲ್ಲ. ಮಾರಿ ಬೊಳ್ಳ ಬಂದಾಗ ತಾವು ತೊಟ್ಟಿಲಲ್ಲಿದ್ದೆವೆಂದೋ, ಬೊಳ್ಳದ ಮರುವರ್ಷ ತಮ್ಮ ಮದುವೆಯಾಯಿತೆಂದೋ ಹೇಳುವುದು ವಾಡಿಕೆಯಾಗಿತ್ತು. ತುಳುವಿನಲ್ಲಿ ಬೊಳ್ಳವೆಂದರೆ ನೆರೆ. 1923ರ ಆಗಸ್ಟಿನ ನೆರೆಗೆ ಜನರು ಮಾರಿಯ ಹೆಸರನ್ನೇ ಕೊಟ್ಟರು.

ಘಟ್ಟದಲ್ಲಿ ಬಿಡದೆ ಮಳೆ ಸುರಿದರೆ ನೇತ್ರಾವತಿ, ಕುಮಾರಧಾರೆಗಳೆರಡೂ ಒಟ್ಟಿಗೆ ಏರುತ್ತವೆ. ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಾಲಯದ ಮುಂದೆ ಎರಡು ನೀರೂ ಕೂಡಿದರೆ ಅದನ್ನು ಸಂಗಮವೆಂದು ಕರೆದು ಬಾಗಿನ ಅರ್ಪಿಸುವ ಪದ್ಧತಿ ಇಂದಿಗೂ ಇದೆ. ಕೆಳಗಿನ ಪಾಣೆಮಂಗಳೂರು, ಬಂಟ್ವಾಳದವರಿಗೆ ಮಾತ್ರ ಆ ವಾರ್ತೆಯೆಂದರೆ ಸಾಮಾನು ಕಟ್ಟುವ ಸೂಚನೆ.

1923ರಲ್ಲಿ ನೆರೆ ಬಂದದ್ದು ಆಟಿ ತಿಂಗಳಲ್ಲಿ. ಹಳೆಯ ಅಕ್ಕಿ ಮುಗಿಯುತ್ತ ಬಂದು, ಏಣಿಲು ಬೆಳೆಯ ನೇಜಿ ನೆಟ್ಟು ಹೆಚ್ಚು ದಿನವಾಗಿರದ ಹೊತ್ತು ಅದು. ಮಣ್ಣಿನ ಗೋಡೆ ನೀರುಂಡರೆ ನಿಲ್ಲದು. ಗೋಡೆ ಕುಸಿದರೆ ಮುಳಿಹುಲ್ಲಿನ ಮಾಡೂ ಉಳಿಯದು. ಮನೆಯನ್ನಾದರೂ ಮತ್ತೆ ಕಟ್ಟಬಹುದು. ಗದ್ದೆಯ ಮೇಲೆ ಹೊಳೆಯ ಮರಳು ಕುಳಿತರೆ ಚಾಲಗೇಣಿಯ ಒಕ್ಕಲಿಗೆ ಅದನ್ನು ತೆಗೆಯುವುದೇ ವರ್ಷಗಳ ದುಡಿಮೆ. ಧಣಿಗೆ ಸಲ್ಲಬೇಕಾದ ಅಕ್ಕಿಯ ಮುಡಿಗಳ ಲೆಕ್ಕವೋ ತಪ್ಪುವಂತಿಲ್ಲ. ಊರು ಬಿಟ್ಟು ಮದರಾಸು, ಮುಂಬಯಿಗಳಿಗೆ ಹೊರಟು ಪರರ ಅಡಿಗೆಮನೆಯಲ್ಲಿ ಲೋಟ ತೊಳೆದವರಲ್ಲಿ ಹೀಗೆ ನೀರು ಅಟ್ಟಿದವರೂ ಇದ್ದರು. ನಮ್ಮ ಹೋಟೆಲುಗಳ ಚರಿತ್ರೆಯನ್ನು ಬರೆಯುವವರು ಸಾಹಸವನ್ನು ಹೊಗಳುತ್ತಾರೆ, ಹೊಳೆಯನ್ನು ಮರೆಯುತ್ತಾರೆ.

1974ರ ಜುಲೈಯಲ್ಲಿ ಬಂಟ್ವಾಳ ಮತ್ತೆ ಮುಳುಗಿತು. ಎರಡು ನೆರೆಗಳನ್ನೂ ಕಂಡವರು ಅಂದು ನೀರು ಯಾವ ಮೆಟ್ಟಿಲು ಮುಟ್ಟಿತ್ತು, ಇಂದು ಯಾವುದನ್ನು ಮುಟ್ಟಿತು ಎಂದು ಹೋಲಿಸಿ ಹೇಳುತ್ತಿದ್ದರು. ಇಂತಹ ಜ್ಞಾಪಕಶಕ್ತಿ ನಾವು ಅನ್ನ ಸಂಪಾದಿಸುವ ಈ ಪಟ್ಟಣಕ್ಕೆ ಕಡಮೆ. ಅದೇ 1923ರ ಸುಮಾರಿನಲ್ಲಿ ಮಾಂಬಲದ ದೊಡ್ಡ ಕೆರೆಯನ್ನು ಬರಿದುಮಾಡಿ ತ್ಯಾಗರಾಯನಗರವನ್ನು ನಿರ್ಮಿಸತೊಡಗಿದರು. ಇಂದು ಅಲ್ಲಿ ಸೀರೆ ಕೊಳ್ಳುವವರಲ್ಲಿ ಕೆರೆಯನ್ನು ನೆನೆಯುವವರು ಯಾರು? 2015ರ ಡಿಸೆಂಬರ್ ಆರಂಭದಲ್ಲಿ ತಾಂಬರದಲ್ಲಿ ಒಂದೇ ದಿನ 49 ಸೆಂಟಿಮೀಟರ್ ಮಳೆ ಸುರಿದು, ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರೂ ಅಡ್ಯಾರು ನದಿಗೆ ಸೇರಿತು. ಮುಡಿಚೂರು, ಸೈದಾಪೇಟೆಗಳಲ್ಲಿ ಜನರು ಮಾಳಿಗೆ ಹತ್ತಬೇಕಾಯಿತು.

ಕೋಣೆಯನ್ನು ಬಾಡಿಗೆಗೆ ಹಿಡಿಯುವ ನಮ್ಮ ಹುಡುಗರು ಮುಂಗಡವೆಷ್ಟು, ನಲ್ಲಿಯಲ್ಲಿ ನೀರು ಬರುವುದು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಾರೆ. 2015ರಲ್ಲಿ ಆ ಬೀದಿಯಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತೆಂಬುದನ್ನೂ ಕೇಳಬೇಕು. ಅದನ್ನು ಪಕ್ಕದ ಅಂಗಡಿಯವನಲ್ಲಿ ಕೇಳುವುದು ಲೇಸು. ಮನೆಯ ಯಜಮಾನನು ಗೋಡೆಗೆ ಹೊಸ ಸುಣ್ಣ ಬಳಿಸಿರುತ್ತಾನೆ.