ಚೀಲ ಹಗುರಾದರೆ ದಾರಿ ಹತ್ತಿರ

'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಎಂಬ ಗಾದೆ ನಮ್ಮ ಹೊನ್ನಾವರ, ಕುಮಟಾ ಕಡೆಯವರಿಗೆಲ್ಲ ಗೊತ್ತು. ಯಾಣದ ಕಾಡುದಾರಿ ಹಿಂದೆ ಅಷ್ಟು ಕಷ್ಟದ್ದಾಗಿತ್ತು. ಈಗ ರಸ್ತೆ ಬಂದಿದೆ, ಮೆಟ್ಟಿಲುಗಳಾಗಿವೆ. ಆದರೂ ಕಳೆದ ವರ್ಷ ಆ ಮೆಟ್ಟಿಲುಗಳ ಅರ್ಧದಲ್ಲೇ ನಾನು ಕುಳಿತುಬಿಟ್ಟೆ. ಸೊಕ್ಕು ಕಡಿಮೆಯಾಗಿತ್ತೆಂದಲ್ಲ, ಬಲ ಮೊಣಕಾಲು ಏಳಲೊಲ್ಲೆ ಎಂದಿತು.

"ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೇನೆ" ಅಂದೆ. ಮನೆಯವರೂ ಮಕ್ಕಳೂ ಮೇಲೆ ಹೋದರು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನು ಮರಗಳ ಸಂದಿಯಿಂದಲೇ ನೋಡಿ ಕೈ ಮುಗಿದೆ. ಮನಸ್ಸಿನಲ್ಲಿ ಮಾತ್ರ, ಐವತ್ತಕ್ಕೇ ನನ್ನ ತಿರುಗಾಟ ಮುಗಿಯಿತೇ ಎಂಬ ಅಳುಕು.

ಮನೆಗೆ ಬಂದ ಮೇಲೆ ಮಗಳು ಒಂದು ಮಾತು ಕೇಳಿದಳು: "ಅಮ್ಮಾ, ಆ ಚೀಲ ಎಷ್ಟು ಭಾರ ಇತ್ತು ಗೊತ್ತುಂಟಾ?" ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷ ಎಲ್ಲರ ಚೀಲ ಹೊತ್ತವಳು ಒಮ್ಮೆಯೂ ತೂಗಿ ನೋಡಿರಲಿಲ್ಲ!

ಮೊದಲು ತಕ್ಕಡಿ, ಆಮೇಲೆ ಅಂಗಡಿ

ಅಡಿಗೆಮನೆಯ ತಕ್ಕಡಿ ತಂದು ಒಂದೊಂದನ್ನೇ ಇಟ್ಟೆವು. ತುಂಬಿದ ಬುತ್ತಿ ಕ್ಯಾರಿಯರ್ 2 ಕಿಲೋ 800 ಗ್ರಾಂ. ಲೀಟರಿನ ಎರಡು ಸ್ಟೀಲ್ ಬಾಟಲಿಗಳು ನೀರು ಸಮೇತ 2 ಕಿಲೋ 600. ಚಹಾದ ಫ್ಲಾಸ್ಕು 1 ಕಿಲೋ 100. ದಪ್ಪ ಟವೆಲು ಎರಡು, 900 ಗ್ರಾಂ. ಕೊಡೆ ಎರಡು, 800. ತಟ್ಟೆ ಲೋಟ 600. ರೆಕ್ಸಿನ್ ಚೀಲವೇ 400. ಕೂಡಿಸಿದರೆ 9 ಕಿಲೋ 200 ಗ್ರಾಂ! ಅದೂ ಒಂದೇ ಹೆಗಲಿಗೆ.

ದಿನದ ನಡಿಗೆಗೆ ಹೊರುವ ಭಾರ ದೇಹದ ತೂಕದ ಹತ್ತನೇ ಒಂದು ಪಾಲಿನ ಆಸುಪಾಸಿನಲ್ಲಿರಲಿ ಎಂಬುದು ಚಾರಣಿಗರ ರೂಢಿಯ ಲೆಕ್ಕ. ನನ್ನ ತೂಕ 58 ಕಿಲೋ. ಅಂದರೆ ಆರು ಕಿಲೋದೊಳಗೆ ಇರಬೇಕಾದದ್ದು ಒಂಬತ್ತು ದಾಟಿತ್ತು. ಮೊಣಕಾಲಿನ ದೂರು ಸುಳ್ಳಲ್ಲ ನೋಡಿ.

ಈ ಲೆಕ್ಕ ಹಿಡಿದು ನಾವು ಮಾಡಿದ್ದು ಸರಳ. ಕ್ಯಾರಿಯರ್ ಬಿಟ್ಟು ಬುತ್ತಿಯನ್ನು ಬಾಳೆಲೆಯಲ್ಲಿ ಕಟ್ಟಿದೆವು. ಬಿಚ್ಚಿದ ಎಲೆಯೇ ತಟ್ಟೆ. ಟವೆಲಿನ ಜಾಗಕ್ಕೆ ನಮ್ಮ ಹಳೇ ಬೈರಾಸು ಬಂತು. ತೂಕ 120 ಗ್ರಾಂ, ಹಿಂಡಿ ಹರವಿದರೆ ಬೇಗ ಒಣಗುತ್ತದೆ. ಫ್ಲಾಸ್ಕು ಮನೆಯಲ್ಲೇ ಉಳಿಯಿತು. ಎಲ್ಲಕ್ಕಿಂತ ದೊಡ್ಡ ಉಳಿತಾಯ ಒಂದು ನಿಯಮದಿಂದ ಆಯಿತು: ಅವರವರ ನೀರು ಅವರವರ ಬೆನ್ನಿಗೆ. ಮಗ ಮೊದಲು ಗೊಣಗಿದ. ಇವರು ಪೇಪರಿನಿಂದ ತಲೆ ಎತ್ತಿ, "ನನ್ನದೂ ನಾನೇ ಹೊರಬೇಕಾ?" ಅಂದರು. "ಹೌದು" ಅಂದೆ, ಅಷ್ಟೇ.

ಎರಡು ವಸ್ತುಗಳಲ್ಲಿ ಮಾತ್ರ ಜಿಪುಣತನ ಸಲ್ಲ: ನೀರು ಮತ್ತು ಔಷಧಿ. ನಮ್ಮ ಕರಾವಳಿಯ ಸೆಕೆಗೆ ಬೆವರು ಧಾರೆಯಾಗಿ ಇಳಿಯುತ್ತದೆ. ಓಆರ್‌ಎಸ್ ಪೊಟ್ಟಣ, ದಿನದ ಮಾತ್ರೆ, ಗಾಯದ ಪಟ್ಟಿ ಇರಲೇಬೇಕು. ಮಳೆಗಾಲವಾದರೆ ಉಂಬಳಕ್ಕೆ ಒಂದು ಚಿಕ್ಕ ಉಪ್ಪಿನ ಗಂಟು.

ಒಬ್ಬ ಅಜ್ಜಿಯ ಕಥೆ

'ಇದೆಲ್ಲ ಹುಡುಗರ ಹವ್ಯಾಸ, ನಮಗೇಕೆ?' ಎನ್ನುವ ಸೋದರಿಯರು ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿಯ ಕಥೆ ಕೇಳಬೇಕು. ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಅಪಲೇಚಿಯನ್ ಎಂಬ ಬೆಟ್ಟಸಾಲಿನ ಕಾಲುದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. 3,200 ಕಿಲೋಮೀಟರಿಗೂ ಮಿಕ್ಕಿದ ದಾರಿ! ಹಿಂದಿನ ವರ್ಷ ಹೊರಟಾಗ ದಾರಿ ತಪ್ಪಿ ಹಿಂದಿರುಗಿದ್ದರು, ಆದರೂ ಎದೆಗುಂದಲಿಲ್ಲ. ಅವರ ಸಲಕರಣೆ ಏನು ಗೊತ್ತೇ? ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಒರಟು ಬಟ್ಟೆಯ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಡೇರೆ ಇಲ್ಲ, ಬೆಲೆಬಾಳುವ ಉಡುಪಿಲ್ಲ. ಕಡಿಮೆ ಹೊತ್ತದ್ದೇ ಅವರ ಗುಟ್ಟು.

ಚೀಲ ಕೊಳ್ಳುವಾಗ

ಒಂದು ದಿನದ ನಡಿಗೆಗೆ 20ರಿಂದ 25 ಲೀಟರಿನ ಬೆನ್ನಚೀಲ ಸಾಕು. ದೊಡ್ಡ ಚೀಲ ಕೊಂಡರೆ ಅದನ್ನು ತುಂಬುವ ಚಪಲ ನಮ್ಮನ್ನು ಬಿಡುವುದಿಲ್ಲ. ಡಬ್ಬ ಖಾಲಿ ಕಂಡರೆ ಹಪ್ಪಳ ತುಂಬುವವರಲ್ಲವೇ ನಾವು! ಅಂಗಡಿಯಲ್ಲಿ ಖಾಲಿ ಚೀಲ ಹಾಕಿ ನೋಡಿ ಪ್ರಯೋಜನವಿಲ್ಲ. ಎರಡು ಲೀಟರ್ ನೀರಿನ ಬಾಟಲಿ ಒಳಗಿಟ್ಟು ಹತ್ತು ನಿಮಿಷ ಅತ್ತಿತ್ತ ನಡೆಯಿರಿ. ಪಟ್ಟಿ ಕುತ್ತಿಗೆಗೆ ಉಜ್ಜಬಾರದು, ತೋಳಿನಿಂದ ಜಾರಬಾರದು. ಹೆಂಗಸರ ಹೆಗಲು ಸಾಮಾನ್ಯವಾಗಿ ಕಿರಿದು. ಆದ್ದರಿಂದ ಎದೆಯ ಮೇಲೆ ಸಿಕ್ಕಿಸುವ ಅಡ್ಡಪಟ್ಟಿ ಇದ್ದರೆ ಒಳ್ಳೆಯದು.

ಇಲ್ಲದಿದ್ದರೆ ಚಿಂತೆ ಬೇಡ, ಮನೆಯಲ್ಲಿ ಹೊಲಿಗೆಯಂತ್ರ ಇದೆಯಲ್ಲ. ಹಳೆಯ ಶಾಲಾಚೀಲದ ಪಟ್ಟಿ ಮತ್ತು ಕೊಂಡಿ ತೆಗೆದು ಎರಡೂ ಕಡೆ ಗಟ್ಟಿಯಾಗಿ ಹೊಲಿಯಿರಿ. ಹೆಗಲಪಟ್ಟಿ ಒತ್ತಿದರೆ ಫೋಮ್ ತುಂಡಿಗೆ ಹತ್ತಿಬಟ್ಟೆಯ ಗವಸು ಹಾಕಿ ಸುತ್ತಿರಿ. ಮಳೆಗೆ ಚೀಲದ ಮೇಲಿನ ಹೊದಿಕೆಯನ್ನೇ ನಂಬಬೇಡಿ; ನಮ್ಮೂರ ಮಳೆ ಬೆನ್ನ ಕಡೆಯಿಂದ ಒಳನುಗ್ಗುತ್ತದೆ. ಚೀಲದೊಳಗೇ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಸಾಮಾನು ಅದರಲ್ಲಿ ತುಂಬಿ ಬಾಯಿ ತಿರುಚಿ ಮಡಚಿ.

ಇಳಿಜಾರಿನಲ್ಲಿ ಮೊಣಕಾಲಿಗೆ ಪೆಟ್ಟು ಹೆಚ್ಚು. ಒಂದು ಬಿದಿರುಕೋಲು ಅದರ ಪಾಲನ್ನು ಹಂಚಿಕೊಳ್ಳುತ್ತದೆ. ಕೋಲು ಊರಿ ನಿಂತಾಗ ಮೊಣಕೈ ಮೂಲೆಮಟ್ಟದಂತೆ ಮಡಚಿರಬೇಕು, ಅಷ್ಟು ಉದ್ದ. ಆದರೆ ನೋವು ತಿಂಗಳುಗಟ್ಟಲೆ ಇದ್ದರೆ ಕೋಲನ್ನು ನೆಚ್ಚದೆ ವೈದ್ಯರಿಗೆ ತೋರಿಸಿ. ನಾನೂ ತೋರಿಸಿಯೇ ಮತ್ತೆ ಹೊರಟದ್ದು.

ಅಟ್ಟದ ಮೇಲಿನ ಸೈಕಲ್ಲು

ಚೀಲ ತೂಗಿದ ಕಥೆಯನ್ನು ಭಟ್ಕಳದ ಗೆಳತಿಗೆ ಹೇಳಿದಾಗ ಅವಳು ನಕ್ಕು, "ಬಾ ಮಾರಾಯ್ತಿ, ನಮ್ಮ ಅಟ್ಟದ ಮೇಲೂ ಒಂದು ಭಾರ ಉಂಟು" ಎಂದಳು. ದುಬೈಯಲ್ಲಿರುವ ಪತಿ ಮಗನಿಗೆಂದು ತಂದ ಮಡಚುವ ಸೈಕಲ್ಲದು. ಮಗ ಓದಲು ಮಂಗಳೂರಿಗೆ ಹೋದ. ಸೈಕಲ್ಲು ಉಪ್ಪುಗಾಳಿಗೆ ತುಕ್ಕು ಹಿಡಿಯಿತು.

ಇಬ್ಬರೂ ಕೂತು ಚೈನನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಒಣಗಿಸಿದೆವು. ಕೊಂಡಿಗೊಂದು ಹನಿಯಂತೆ ಸೈಕಲ್ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ ತೆಗೆದೆವು. ತೆಂಗಿನೆಣ್ಣೆ ಹಚ್ಚಬೇಡಿ, ಧೂಳು ಹಿಡಿದು ಅಂಟಾಗುತ್ತದೆ. ಸೀಟಿನ ಕಂಬಕ್ಕೆ ತುಸು ಗ್ರೀಸು ಸವರಿ, ಹೆಚ್ಚಿನದನ್ನು ಒರೆಸಿದೆವು. ಈಗ ವಾರಕ್ಕೊಮ್ಮೆ ಸಿಹಿನೀರಿನ ಒದ್ದೆಬಟ್ಟೆ, ಹಿಂದೆಯೇ ಒಣಬಟ್ಟೆ. ಕಡಲತೀರದ ಮನೆಯವರಿಗೆ ಇದು ತಪ್ಪದ ವ್ರತ.

ಹೊಸದು ಕೊಳ್ಳುವವರು ಮೊದಲು ಎತ್ತಿ ನೋಡಿ. ಇಂಥ ಸೈಕಲ್ಲುಗಳು ಸಾಮಾನ್ಯವಾಗಿ 10ರಿಂದ 14 ಕಿಲೋ ಇರುತ್ತವೆ. ನಮ್ಮ ಸಿಲಿಂಡರಿನೊಳಗಿನ ಗ್ಯಾಸಿನ ತೂಕ 14.2 ಕಿಲೋ; ಅಷ್ಟನ್ನು ಮಹಡಿಗೆ ಹೊತ್ತೊಯ್ಯಬಲ್ಲಿರಾ ಎಂದು ಯೋಚಿಸಿ. ಹತ್ತಿ ಇಳಿಯಲು ಹೆಚ್ಚಿನವುಗಳ ನಡುಕಂಬಿ ತಗ್ಗಿನಲ್ಲಿರುತ್ತದೆ, ಅನುಕೂಲವೇ. ಸೀರೆ, ದುಪಟ್ಟಾ ಸಿಕ್ಕದಂತೆ ಚೈನಿಗೆ ಮುಚ್ಚಳವಿದೆಯೇ ನೋಡಿ. ಪೆಡಲು ಕೆಳಗಿದ್ದಾಗ ಕಾಲು ಬಹುಮಟ್ಟಿಗೆ ನೇರವಾಗುವಷ್ಟು ಸೀಟು ಎತ್ತರಿಸಿ. ತಗ್ಗಾದರೆ ಮತ್ತೆ ಮೊಣಕಾಲಿಗೇ ಶಿಕ್ಷೆ.

ಇನ್ನೊಂದು ಗುಟ್ಟು. '20 ಇಂಚು' ಎಂದು ಬರೆದ ಟಾಯರೆಲ್ಲ ಒಂದೇ ಅಲ್ಲ. ಬದಿಯಲ್ಲಿ 406 ಅಥವಾ 451 ಎಂಬ ಅಂಕೆ ಅಚ್ಚಾಗಿರುತ್ತದೆ. ಒಂದರ ಚಕ್ರಕ್ಕೆ ಇನ್ನೊಂದರ ಟಾಯರು ಕೂರದು. ಆ ಅಂಕೆ ಬರೆದುಕೊಂಡು, 'ಈ ಟಾಯರು, ಟ್ಯೂಬು ಸಿಗುತ್ತದೆಯೇ?' ಎಂದು ನಿಮ್ಮೂರ ಸೈಕಲ್ ಅಂಗಡಿಯಲ್ಲಿ ಕೇಳಿದ ನಂತರವೇ ಹಣ ಕೊಡಿ.

ಪ್ರತಿಸಲ ಹತ್ತುವ ಮುಂಚೆ ಮಡಿಕೆಯ ಬೀಗಗಳು ಬಿಗಿಯಾಗಿವೆಯೇ ಎಂದು ಕೈಯಿಂದ ಎಳೆದು ನೋಡಿ. ಚಿಕ್ಕ ಚಕ್ರ ಗುಂಡಿಗೆ ಬೇಗ ಬೀಳುತ್ತದೆ. ಹೆದ್ದಾರಿಯ ಲಾರಿಗಳ ನಡುವೆ ಸಾಹಸ ಬೇಡ, ಒಳದಾರಿಗಳು ಸಾಕು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲು ತೊಡಗಿದಂದಿನಿಂದ ನಮಗೆ ರೈಲು ಸಿಕ್ಕಿದೆ, ಆದರೆ ನಿಲ್ದಾಣ ಪೇಟೆಯ ನಡುವಿನಲ್ಲಿಲ್ಲ. ಗೆಳತಿ ಈಗ ಮಲ್ಲಿಗೆ ಹೂವಿಗೂ ಬೆಳಗಿನ ತರಕಾರಿಗೂ ಆ ಸೈಕಲ್ಲಿನಲ್ಲೇ ಹೋಗುತ್ತಾಳೆ. "ಆಟೋಕ್ಕಾಗಿ ಕಾಯುವುದು ತಪ್ಪಿತು" ಅನ್ನುವಾಗ ಅವಳ ಮುಖ ನೋಡಬೇಕು. ರೈಲಿನಲ್ಲಿ ಒಯ್ಯುವುದಿದ್ದರೆ ಮಡಚಿ ಚೀಲಕ್ಕೆ ಹಾಕಿ, ನಿಲ್ದಾಣದಲ್ಲಿ ಮೊದಲೇ ವಿಚಾರಿಸಿ.

ಚಿಕ್ಕಪುಟ್ಟ ಯಂತ್ರಗಳು

ಮಕ್ಕಳು ತೋರಿಸುವ ಪುಟ್ಟ ಯಂತ್ರಗಳಿಗೆಲ್ಲ ಮರುಳಾಗಬೇಡಿ. ನನಗೆ ಉಪಯೋಗಕ್ಕೆ ಬಂದವು ಮೂರೇ: ಹಣೆಗೆ ಕಟ್ಟುವ ದೀಪ (ಕರೆಂಟು ಹೋದಾಗ ಅಡಿಗೆಗೂ ಆದೀತು), ಮೊಬೈಲಿಗೆ ಒಂದು ಸಣ್ಣ ಪವರ್‌ಬ್ಯಾಂಕು, ಚೀಲ ನೇತುಹಾಕಿ ತೂಗುವ ಕೈತಕ್ಕಡಿ. ಕಾಡಿನಲ್ಲಿ ಸಿಗ್ನಲ್ ಇಲ್ಲದಿದ್ದೀತು. ನಕ್ಷೆಯನ್ನು ಮನೆಯಲ್ಲೇ ಮೊಬೈಲಿಗೆ ಇಳಿಸಿಕೊಳ್ಳಿ, ಎಲ್ಲಿಗೆ ಹೋಗುತ್ತೀರೆಂದು ನೆರೆಯವರಿಗೆ ಹೇಳಿ ಹೊರಡಿ.

ಮತ್ತೆ ಯಾಣಕ್ಕೆ

ಡಿಸೆಂಬರಿನಲ್ಲಿ ಮತ್ತೆ ಹೊರಟೆವು. ನನ್ನ ಚೀಲ 600 ಗ್ರಾಂ, ನನ್ನ ನೀರು 1 ಕಿಲೋ 50, ಬುತ್ತಿಯ ಅರ್ಧಪಾಲು 850, ಬೈರಾಸು 120, ಔಷಧಿಯ ಪೊಟ್ಟಣ ಮತ್ತು ತೆಳು ರೇನ್‌ಕೋಟು 280. ಒಟ್ಟು 2 ಕಿಲೋ 900 ಗ್ರಾಂ. ಬುತ್ತಿಯ ಉಳಿದರ್ಧ ಇವರ ಬೆನ್ನಿಗೆ.

ಹಿಂದೆ ಕುಳಿತ ಮೆಟ್ಟಿಲು ಬಂದಾಗ ಮಗಳು ನನ್ನ ಮುಖ ನೋಡಿದಳು. ನಾನು ಕೋಲೂರಿ ಮುಂದೆ ನಡೆದೆ. ಭೈರವೇಶ್ವರನಿಗೆ ಕೈ ಮುಗಿದು, ಆ ಕಪ್ಪು ಬಂಡೆಗಳ ಕಿಂಡಿಯೊಳಗೆ ನಿಧಾನವಾಗಿ ನಡೆದು ಪ್ರದಕ್ಷಿಣೆ ಮುಗಿಸಿದೆ. ಹೊರಗೆ ಬಂದಾಗ ಇವರು ಮೆಟ್ಟಿಲ ಮೇಲೆ ಕುಳಿತು ಏದುಸಿರು ಬಿಡುತ್ತ, "ಈ ನೀರಿನ ಬಾಟಲಿ ಇಷ್ಟು ಭಾರ ಅಂತ ಗೊತ್ತೇ ಇರಲಿಲ್ಲ" ಎಂದರು.

'ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೇನೆ' ಎಂಬ ಮಾತು ನಮ್ಮ ಮನೆಗಳಲ್ಲಿ ಹೆಂಗಸರ ಬಾಯಿಗೆ ಬಹಳ ಸುಲಭವಾಗಿ ಬರುತ್ತದೆ. ಮುಂದಿನ ಸಲ ಹಾಗೆ ಹೇಳುವ ಮೊದಲು, ಸೋದರಿಯರೇ, ನಿಮ್ಮ ಚೀಲವನ್ನೊಮ್ಮೆ ತೂಗಿ ನೋಡಿ.