ಬಸ್ಸಿನ ಬೆನ್ನು ಹತ್ತಿದ ದೂಳು

ಗಾಳಿ ಕಂಡಿತು! ಈ ಎರಡು ಕಣ್ಣಿನಿಂದಲೇ ನೋಡಿದೆ. ಮಾರ್ಚ್ ತಿಂಗಳ ಬೆಳಗಿನ ಆರು ಗಂಟೆ, ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ರಸ್ತೆ. ತಂಗಿಯ ಮಗ ಸೈಕಲ್ ಮೇಲೆ, ಅವನ ಪಕ್ಕದಲ್ಲಿ ಗೆಳೆಯನ ಬೈಕಿನ ಹಿಂದೆ ಕೂತ ನಾನು, ಕೈಯಲ್ಲಿ ಮೊಬೈಲು. ತಂಗಿ ಸ್ವೆಟರಿಗೆಂದು ಎತ್ತಿಟ್ಟಿದ್ದ ಉಲ್ಲನ್ ದಾರವನ್ನು ಗೇಣಿನ ಅರ್ಧದಷ್ಟು ತುಂಡು ಮಾಡಿ, ಹುಡುಗನ ಹೆಲ್ಮೆಟ್ಟಿನ ತುಂಬ ಟೇಪಿನಿಂದ ಅಂಟಿಸಿದ್ದೆವು. ನೋಡಿದವರು ನಗುವಂತಿತ್ತು, ನಕ್ಕರು ಕೂಡ.

ಹಣೆಯ ಮೇಲಿನ ದಾರಗಳು ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಹಿಂದಕ್ಕೆ ಮಲಗಿದ್ದವು. ನಡುನೆತ್ತಿಯವೂ ಹಾಗೇ. ಹಿಂಬದಿಯವು ಮಾತ್ರ ದೆವ್ವ ಹೊಕ್ಕಂತೆ ಗಿರಗಿರ ತಿರುಗುತ್ತಿದ್ದವು, ಅದರಲ್ಲೂ ಎರಡು ಮುಂದಕ್ಕೆ ಬಾಗಿ ನಿಂತಿದ್ದವು. ಮುಂದಕ್ಕೆ! ಗಂಟೆಗೆ 38 ಕಿ.ಮೀ. ವೇಗದಲ್ಲಿ ಎದುರಿನಿಂದ ಗಾಳಿ ಬಡಿಯುತ್ತಿರುವಾಗ ತಲೆಯ ಹಿಂದಿನ ದಾರ ಮುಂದಕ್ಕೆ ಬರುವುದೆಂದರೇನು?

ಅಷ್ಟರಲ್ಲಿ ಒಂದು ಕೆಂಪು ಬಸ್ಸು ನಮ್ಮನ್ನು ದಾಟಿತು. ರಸ್ತೆ ಬದಿಯ ಕಣಿಕೆಯ ಚೂರು, ಒಣ ಎಲೆ, ದೂಳು ಎಲ್ಲ ಎದ್ದು ಅದರ ಬೆನ್ನು ಹತ್ತಿ ಓಡಿದವು. ಹುಟ್ಟಿದಾಗಿನಿಂದ ನೋಡುತ್ತ ಬಂದ ನೋಟ, ಒಮ್ಮೆಯೂ ಯಾಕೆ ಎಂದು ಕೇಳಿರಲಿಲ್ಲ. ಬಸ್ಸು ಗಾಳಿಯನ್ನು ಸೀಳಿಕೊಂಡು ಹೋದರೆ ಅದರ ಹಿಂದೆ ಒತ್ತಡ ಕುಸಿದ ಜಾಗ ಉಳಿಯುತ್ತದೆ. ಅದನ್ನು ತುಂಬಲು ಸುತ್ತಲಿನ ಗಾಳಿ ಸುಳಿಯಾಗಿ ನುಗ್ಗುತ್ತದೆ, ದೂಳು ಅದರ ಜೊತೆಗೆ ಬರುತ್ತದೆ. ಎದುರಿನ ಗಾಳಿ ನಮ್ಮನ್ನು ನೂಕುವುದಷ್ಟೇ ಅಲ್ಲ, ಬೆನ್ನ ಹಿಂದಿನ ಆ ಟೊಳ್ಳು ನಮ್ಮನ್ನು ಜಗ್ಗುತ್ತದೆ! ಹುಡುಗನ ತಲೆಯ ಹಿಂದೆಯೂ ಒಂದು ಪುಟ್ಟ ಬಸ್ಸು ಓಡುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಅವನ ಹಟ. ನಮ್ಮ ಊರಲ್ಲಿ ಸೈಕಲ್ ಎಂಬುದು ಶ್ರೀಮಂತರ ಷೋಕಿಯಾಗಿ ಬಂದದ್ದಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಊರಿಗೆ ಬರುತ್ತಿದ್ದವರ ಕಾಲಿನಿಂದ, ಜಾತ್ರೆಯ ಸೈಕಲ್ ರೇಸಿನಿಂದ ಬಂದದ್ದು. ಕ್ರೀಡಾ ಇಲಾಖೆಯ ಸೈಕ್ಲಿಂಗ್ ಹಾಸ್ಟೆಲ್ ಇಲ್ಲಿದೆ. 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ಇಲ್ಲೇ ನಡೆದಾಗ ಈ ಹುಡುಗ ರಸ್ತೆ ಪಕ್ಕ ನಿಂತು ನೋಡಿದ. ಸೈಕಲ್ಲಿಗಿಂತ ಸವಾರರ ತಲೆಗಳನ್ನೇ ನೋಡಿದನಂತೆ. ಅವತ್ತಿನಿಂದ ಗಾಳಿಯ ತಡೆ ತಗ್ಗಿಸುವ ಏರೋ ಹೆಲ್ಮೆಟ್ ಬೇಕೆಂಬ ಜಪ ಶುರು.

"ಅಲ್ಲೋ, ಇದರಾಗ ತೂತ ಇಲ್ಲಲ್ಲೋ!" ಎಂದೆ, ಅವನು ಸ್ನೇಹಿತರಿಂದ ಕಡ ತಂದದ್ದನ್ನು ತಿರುವಿ ನೋಡಿ.

"ತೂತ ಇದ್ರ ಗಾಳಿ ಒಳಗ ಹೊಕ್ಕು ಜಗ್ಗತೈತಿ ಮಾಮಾ."

ಜಗ್ಗುತ್ತದೆ, ಸರಿ. ಎಷ್ಟು? ಲೆಕ್ಕ ಹಾಕಲು ಕೂತೆ, ಕೂತವನು ಏಳಲಿಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದನ್ನು ಮೀರಲು ಬೇಕಾದ ಕಾಲಿನ ಶಕ್ತಿ ಎಂಟು ಪಟ್ಟು! ಸಪಾಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ಹೋಗುವವನ ದುಡಿಮೆಯಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಗಾಳಿಗೇ ಸಂದಾಯ. ಒಂದು ಹೆಲ್ಮೆಟ್ ಆ ತಡೆಯನ್ನು ಶೇ 2ರಷ್ಟು ಇಳಿಸಿತು ಎನ್ನಿ. 40 ಕಿ.ಮೀ. ದಾರಿಯಲ್ಲಿ ಸುಮಾರು 20 ಸೆಕೆಂಡು ಉಳಿಯುತ್ತದೆ. ಇಷ್ಟೇನಾ ಎನ್ನಬೇಡಿ. 1989ರ ಟೂರ್ ಡಿ ಫ್ರಾನ್ಸ್ ಮೂರು ವಾರ ಓಡಿ 8 ಸೆಕೆಂಡಿನಲ್ಲಿ ತೀರ್ಮಾನವಾಯಿತು. ಕೊನೆಯ ದಿನ ವರ್ಸೈನಿಂದ ಪ್ಯಾರಿಸ್‌ವರೆಗೆ 24.5 ಕಿ.ಮೀ. ಒಂಟಿ ಓಟ. ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದ. ಅವನ ತಲೆಗೆ ಬಾಲದ ಹೆಲ್ಮೆಟ್, ಮುಂದೆ ಮೊಣಕೈ ಊರುವ ಹ್ಯಾಂಡಲ್. ಮುನ್ನಡೆಯಲ್ಲಿದ್ದ ಫ್ರಾನ್ಸಿನ ಲೊರಾಂ ಫಿನ್ಯೋನ್ ಬರಿದಲೆಯಲ್ಲಿ ಹೊರಟ, ಹಿಂದೆ ಕಟ್ಟಿದ ಜುಟ್ಟು ಹಾರಾಡುತ್ತಿತ್ತು. ಆ ಜುಟ್ಟನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಚುರುಕ್ ಎನ್ನುತ್ತದೆ.

ಬಾಲ ಯಾಕೆ ಬೇಕು? ಗೋಳಗುಮ್ಮಟದ ಊರಿನವನಾದ ನನಗೆ ಗುಂಡಗಿರುವುದೇ ನುಣುಪು, ಗಾಳಿ ಜಾರಿ ಹೋಗುತ್ತದೆ ಎಂಬ ನಂಬಿಕೆ. ಪೂರ್ತಿ ತಪ್ಪು! ಅಷ್ಟೇ ಅಗಲದ ಒಂದು ಚೆಂಡನ್ನೂ, ಮುಂದೆ ದುಂಡಾಗಿ ಹಿಂದೆ ಸಪೂರವಾಗುವ ಹನಿಯಾಕಾರದ ಒಂದು ವಸ್ತುವನ್ನೂ ಗಾಳಿಗೆ ಒಡ್ಡಿದರೆ, ಚೆಂಡಿಗೆ ಬೀಳುವ ತಡೆಯ ಹತ್ತನೇ ಒಂದು ಪಾಲಿನಷ್ಟೇ ಹನಿಗೆ. ಎದುರಿನ ಮುಖ ಎರಡಕ್ಕೂ ಒಂದೇ, ವ್ಯತ್ಯಾಸವೆಲ್ಲ ಬೆನ್ನಿನಲ್ಲಿ. ಗಾಳಿಯನ್ನು ಒಡೆಯುವುದು ಸುಲಭ, ಒಡೆದ ಗಾಳಿಯನ್ನು ಮತ್ತೆ ಸಮಾಧಾನದಿಂದ ಕೂಡಿಸುವುದೇ ಕಷ್ಟ. ಬಾಲದ ಕೆಲಸ ಅದು.

ಆದರೆ ಬಾಲ ನೆಟ್ಟಗೆ ಬೆನ್ನಿನ ಮೇಲೆ ಮಲಗಿದ್ದಾಗ ಮಾತ್ರ ಈ ಲಾಭ. ದಣಿದವನು ತಲೆ ತಗ್ಗಿಸಿದನೋ, ಬಾಲ ಮೇಲೆದ್ದು ಗಾಳಿಗೆ ಅಡ್ಡ ನಿಲ್ಲುತ್ತದೆ. 1930ರ ದಶಕದಲ್ಲಿ ಜರ್ಮನಿಯ ವುನಿಬಾಲ್ಡ್ ಕಾಮ್ ಎಂಬ ಎಂಜಿನಿಯರ್ ಕಾರುಗಳಿಗಾಗಿ ಕಂಡುಕೊಂಡದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಸಪೂರವಾಗುತ್ತ ಹೋಗುವ ಬಾಲವನ್ನು ನಡುವೆಯೇ ಕಚಕ್ಕನೆ ಕತ್ತರಿಸಿದರೂ ಲಾಭದ ದೊಡ್ಡ ಪಾಲು ಉಳಿಯುತ್ತದೆ. ಇವತ್ತಿನ ರಸ್ತೆ ಓಟದ ಏರೋ ಹೆಲ್ಮೆಟ್‌ಗಳ ಮೊಂಡು ಹಿಂಬದಿಯ ಗುಟ್ಟು ಇದೇ. ತೂತು ಮುಚ್ಚುವ ಯೋಚನೆಯೂ ಹೀಗೇ ಬೆಳೆದದ್ದು. 2011ರಲ್ಲಿ ಕೋಪನ್‌ಹೇಗನ್ನಿನ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಮಾರ್ಕ್ ಕ್ಯಾವೆಂಡಿಷ್ ಹಾಕಿದ್ದು ಮಾಮೂಲಿ ಹೆಲ್ಮೆಟ್ಟೇ, ಅದರ ಕಿಂಡಿಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಇತ್ತು, ಅಷ್ಟೇ.

ಹಾಗಾದರೆ ಕಿಂಡಿಯೇ ಇಲ್ಲದ್ದನ್ನು ಕೊಂಡುಬಿಡಬೇಕೋ? ಮುಂದಿನ ಭಾನುವಾರ ಬೇರೆ ಬೇರೆ ಬಗೆಯ ಹೆಲ್ಮೆಟ್ ಹಿಡಿದು ಬಬಲೇಶ್ವರ ರಸ್ತೆಗೆ ಹೋದೆವು. ಎಲೆ ಅಲುಗದ ನಸುಕು. ಒಂದು ಇಳುಕಲಿನ ನೆತ್ತಿಯಲ್ಲಿ ಸುಣ್ಣದ ಗೆರೆ ಹಾಕಿ, ಪೆಡಲ್ ತುಳಿಯದೆ ಸೈಕಲ್ ಬಿಡುವುದು, ಅದು ತಾನಾಗಿ ನಿಂತಲ್ಲಿ ಕಲ್ಲಿಡುವುದು. ಒಂದೊಂದು ಹೆಲ್ಮೆಟ್ಟಿಗೆ ಐದೈದು ಸಲ. ಉದ್ದ ಬಾಲದ್ದು ಹುಡುಗ ತಲೆ ಎತ್ತಿಟ್ಟಾಗ ಎಲ್ಲಕ್ಕಿಂತ ಮುಂದೆ ಹೋಯಿತು. ತಗ್ಗಿಸಿದಾಗ ಅವನ ಹಳೆಯ ತೂತಿನ ಹೆಲ್ಮೆಟ್ಟಿಗಿಂತ ಹಿಂದೆ ಬಿತ್ತು! ನಾಲ್ಕು ಕಿಂಡಿಯ ಮೊಂಡು ಬಾಲದ್ದು ಹೇಗೆ ಕೂತರೂ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಅಂಗಡಿಯಲ್ಲಿ ಕನ್ನಡಿ ಮುಂದೆ ಎದೆಯುಬ್ಬಿಸಿ ನಿಂತು ಆರಿಸಿದ ಹೆಲ್ಮೆಟ್, ನಲವತ್ತನೇ ಕಿಲೋಮೀಟರಿನ ಸೋತ ಕತ್ತಿಗೆ ಹೊಂದಬೇಕಲ್ಲ. ಅವನಿಗೆ ಕೆಳಗೆ ನೋಡಿ ತುಳಿಯುವ ಚಾಳಿ. ಅಲ್ಲಿಗೆ ಬಾಲದ್ದು ಪಟ್ಟಿಯಿಂದ ಹೋಯಿತು.

ಪೂರ್ತಿ ಮುಚ್ಚಿದ್ದು ಹತ್ತು ಗಂಟೆಯ ಬಿಸಿಲಿಗೆ ಹೋಯಿತು. ನಮ್ಮಲ್ಲಿ ಏಪ್ರಿಲ್ ಹೊತ್ತಿಗೆ 40 ಡಿಗ್ರಿ. ಬೆವರು ಆರಿದರೆ ತಾನೆ ತಲೆ ತಂಪು? ಮುಚ್ಚಿದ ಗೂಡಿನಲ್ಲಿ ಅದು ಆರದೆ ಕಣ್ಣಿಗಿಳಿಯಿತು, ಹುಡುಗ ಸೈಕಲ್ ನಿಲ್ಲಿಸಿ ಮುಖ ಒರೆಸಿಕೊಂಡ. ಆ ಒರೆಸುವಿಕೆಯಲ್ಲಿ ಹೋದ ಸೆಕೆಂಡುಗಳನ್ನು ಹೆಲ್ಮೆಟ್ ಪರೀಕ್ಷಿಸುವ ಯಾವ ಗಾಳಿ ಸುರಂಗದವರು ಎಣಿಸುತ್ತಾರೆ? ಹತ್ತು ಹದಿನೈದು ನಿಮಿಷದ ಒಂಟಿ ಓಟಕ್ಕಾದರೆ ಅದೇ ರಾಜ, ಮಾತಿಲ್ಲ.

ಇನ್ನು ಗಟ್ಟಿತನ. ಒಳಗಿರುವುದು ಥರ್ಮಾಕೋಲಿನ ಅಣ್ಣ, ಒತ್ತಿ ಹಿಗ್ಗಿಸಿದ ಗಟ್ಟಿ ನೊರೆ. ಬಿದ್ದಾಗ ತಾನು ಜಜ್ಜಿ ಹೋಗಿ ತಲೆಯನ್ನು ಉಳಿಸುತ್ತದೆ. ಹಾಗಾಗಿ ಒಮ್ಮೆ ಜೋರಾಗಿ ಬಿದ್ದದ್ದು, ಹೊರಗೆ ಬಿರುಕು ಕಾಣದಿದ್ದರೂ, ಮುಗಿಯಿತು. ಕಡ ತಂದದ್ದನ್ನು ಕೊಳ್ಳಲು ನಾನು ಒಪ್ಪದಿದ್ದುದು ಅದಕ್ಕೇ. 2003ರಲ್ಲಿ ಪ್ಯಾರಿಸ್-ನೀಸ್ ಸೈಕಲ್ ಓಟದಲ್ಲಿ ಬಿದ್ದು ಸವಾರ ಆಂದ್ರೇ ಕಿವಿಲೆವ್ ತೀರಿಕೊಂಡ ಮೇಲೆಯೇ ವೃತ್ತಿಪರ ಓಟಗಳಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಮೊದಲು ತಲೆ, ಆಮೇಲೆ ಗಾಳಿ. ಪಟ್ಟಿ ಬಿಗಿಯದೆ ಅಲ್ಲಾಡಿಸಿದರೂ ಕದಲಬಾರದು, ಹಣೆಗೆ ಕೆಂಪು ಗೆರೆಯೂ ಬೀಳಬಾರದು.

ಹಿಂದಿರುಗುವಾಗ ರಸ್ತೆಗೆ ಹತ್ತಿದ ಒಂದು ಮನೂಕ ಶೆಡ್ಡಿನಲ್ಲಿ ನೀರಿಗೆ ನಿಂತೆವು. ಸಾಲು ಸಾಲು ಜಾಳಿಗೆಯ ಮೇಲೆ ಹಸಿರು ದ್ರಾಕ್ಷಿ, ಮೇಲೆ ನೆರಳು, ನಾಲ್ಕೂ ಕಡೆ ತೆರಪು. ಬಿಸಿಲಿಗಲ್ಲ, ಹಾಯುವ ಗಾಳಿಗೆ ಒಣಗುತ್ತವೆ! ನಾವು ಮೂರು ವಾರದಿಂದ ತಪ್ಪಿಸಿಕೊಳ್ಳಲು ಹೆಣಗುತ್ತಿದ್ದ ಅದೇ ಗಾಳಿಯನ್ನು ಇವರು ಕಂಬ ನೆಟ್ಟು ಕರೆದು ಕೂರಿಸಿಕೊಂಡಿದ್ದರು. ರುಮಾಲು ಸುತ್ತಿದ ಮುದುಕರೊಬ್ಬರು ಹುಡುಗನ ಹೆಲ್ಮೆಟ್ ಎತ್ತಿಕೊಂಡು, ಇನ್ನೂ ಅಂಟಿಕೊಂಡಿದ್ದ ದಾರಗಳನ್ನು ಬೆರಳಿನಿಂದ ಮುಟ್ಟಿದರು.

"ಇದೇನೋ ತಮ್ಮಾ, ಜಡೀ ಹಾಕಿಯಲ್ಲ?"

"ಗಾಳಿ ಯಾ ಕಡೆ ಹೊಕ್ಕೈತಿ ಅಂತ ನೋಡಾಕರೀ ಅಜ್ಜಾ."

ಅವರು ಕೆನ್ನೆಯನ್ನು ಒಂದು ಕಡೆಗೆ ತಿರುಗಿಸಿ, ಗಳಿಗೆ ಹೊತ್ತು ಕಣ್ಣು ಮುಚ್ಚಿ ನಿಂತರು. "ಇನ್ನ ಅರ್ಧಾ ತಾಸಿಗೆ ಎದುರು ಬರ್ತೈತಿ. ನೀರ ಕುಡದ ಲಗೂ ಹೋಗ್ರಿ," ಎಂದು ಹೆಲ್ಮೆಟ್ ಅವನ ಕೈಗಿಟ್ಟರು.

ಊರು ಇನ್ನೂ ಆರು ಕಿ.ಮೀ. ಇರುವಾಗ, ಹಣೆಯ ಮೇಲಿನ ದಾರಗಳು ಒಟ್ಟಿಗೇ ಹಿಂದಕ್ಕೆ ಮಲಗಿದವು.